ನೀರಿನಡಿಯ ಉಸಿರಿನ ಲೆಕ್ಕ

(ಶಾಲೆಯ ವಾರ್ಷಿಕೋತ್ಸವದ ದಿನ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವರ್ಷದ ಹೆಚ್ಚು ಭಾಗ ಹಗರಿಯಲ್ಲಿ ನೀರಿಗಿಂತ ಮರಳನ್ನೇ ಕಾಣುವ ಈ ಸೀಮೆಯಲ್ಲಿ ನಿಂತು, ಸಮುದ್ರದ ಅಡಿಯಲ್ಲಿ ಉಸಿರಾಡುವ ವಿಚಾರವನ್ನು ಮಾತನಾಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ವಿಷಯವು ನಮ್ಮಿಂದ ಅಷ್ಟು ದೂರದ್ದಲ್ಲ. ಈ ಶಾಲೆಯಲ್ಲಿ ಅಕ್ಷರ ಕಲಿತು ಹೊರಟವರು ಇಂದು ಬಳ್ಳಾರಿಯಲ್ಲಿಯೂ ಬೆಂಗಳೂರಿನಲ್ಲಿಯೂ ಉದ್ಯೋಗದಲ್ಲಿದ್ದಾರೆ. ರಜೆ ಬಂದಾಗ ಸ್ನೇಹಿತರೊಡನೆ ಮುರುಡೇಶ್ವರಕ್ಕೆ ಹೋಗುತ್ತಾರೆ. ದೇವರ ದರ್ಶನವಾದ ಮೇಲೆ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ತೆರಳಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿಗೆ ಇಳಿಯುತ್ತಾರೆ. ಆ ಚಿತ್ರಗಳು ಅದೇ ಸಂಜೆ ನಮ್ಮೂರಿನ ಮೊಬೈಲುಗಳಿಗೆ ಬಂದು ಸೇರುತ್ತವೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿನೊಳಗೆ ಇಳಿದುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ನೇಮಕಲ್ಲಿನ ಆಂಜನೇಯಸ್ವಾಮಿ ಸಮುದ್ರವನ್ನು ಮೇಲಿನಿಂದ ಲಂಘಿಸಿದವನು. ನಮ್ಮ ಹುಡುಗರು ಅದನ್ನು ಒಳಗಿನಿಂದ ನೋಡಿಬರಲು ಹೊರಟಿದ್ದಾರೆ. ನೋಡಿಬರಲಿ, ಸಂತೋಷ. ಆದರೆ ‘ಬರುವುದು’ ಎಂಬ ಕ್ರಿಯಾಪದದ ಮೇಲೆ ನನಗೆ ಸ್ವಲ್ಪ ಹೆಚ್ಚು ಆಸ್ಥೆಯುಂಟು.

ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಎರಡು: ‘ಸಾರ್, ಒಂದು ಸಿಲಿಂಡರಿನಲ್ಲಿ ಎಷ್ಟು ಹೊತ್ತು ನೀರಿನೊಳಗೆ ಇರಬಹುದು? ದೊಡ್ಡ ಸಿಲಿಂಡರು ತೆಗೆದುಕೊಂಡರೆ ಹೆಚ್ಚು ಹೊತ್ತು ಇರಬಹುದಲ್ಲವೇ?’ ಇಂದು ನಾನು ಹೇಳಬೇಕೆಂದಿರುವುದು ಇವೆರಡಕ್ಕೆ ಉತ್ತರವನ್ನೇ. ನಾನು ಕಲಾ ವಿಭಾಗದಲ್ಲಿ ಓದಿದವನಾದುದರಿಂದ, ಲೆಕ್ಕಗಳನ್ನೆಲ್ಲ ನಮ್ಮ ವಿಜ್ಞಾನದ ಉಪಾಧ್ಯಾಯರಿಂದ ಪರೀಕ್ಷೆ ಮಾಡಿಸಿಕೊಂಡೇ ಇಲ್ಲಿಗೆ ಬಂದಿದ್ದೇನೆ.

ಮೊದಲು ಸ್ಥಳದ ಪರಿಚಯ. ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರು ಪಡುವಣಕ್ಕೆ ಅರಬ್ಬೀ ಸಮುದ್ರದಲ್ಲಿ ಎದ್ದುನಿಂತ ಚಿಕ್ಕ ಬಂಡೆಯ ದ್ವೀಪ. ಪಾರಿವಾಳದ ದ್ವೀಪವೆಂದೂ ಅದಕ್ಕೆ ಹೆಸರುಂಟು. ಆಕಾಶದಿಂದ ನೋಡಿದರೆ ಹೃದಯದ ಆಕಾರವಾಗಿ ಕಾಣುವುದಂತೆ. ಅಲ್ಲಿ ಜನವಸತಿಯಿಲ್ಲ, ಬಿಳಿಹೊಟ್ಟೆಯ ಕಡಲಹದ್ದುಗಳು ಗೂಡು ಕಟ್ಟುತ್ತವೆ. ಒಂದು ಕಾಲಕ್ಕೆ ನಮ್ಮ ನೌಕಾಪಡೆಯವರು ಗುರಿಯ ಅಭ್ಯಾಸಕ್ಕೆ ಆ ದ್ವೀಪವನ್ನು ಬಳಸುತ್ತಿದ್ದರು. ಅದರ ಬುಡದಲ್ಲಿ, ನೀರಿನೊಳಗಿನ ಬಂಡೆಗಳ ಮೇಲೆ ಹವಳಗಳು ಬೆಳೆದಿವೆ. ಹವಳವೆಂಬುದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಮನೆ ಕಟ್ಟಿಕೊಂಡು ಗುಂಪಾಗಿ ಬಾಳುವ ಸಣ್ಣ ಪ್ರಾಣಿಗಳ ಸಮೂಹ. (ತಾಯಂದಿರ ಕೊರಳಿನ ಕೆಂಪು ಹವಳ ಬೇರೆ ಜಾತಿಯದು, ನೇತ್ರಾಣಿಯಿಂದ ಅದನ್ನು ತರಬಹುದೆಂದು ಯಾರೂ ಆಸೆಪಡಬೇಕಾಗಿಲ್ಲ.) ಆ ಹವಳದ ದಿಬ್ಬಗಳ ಸಂದಿಯಲ್ಲಿ ಗಿಳಿಮೀನು, ಚಿಟ್ಟೆಮೀನುಗಳು ಓಡಾಡುವುದನ್ನು ನೋಡುವುದಕ್ಕೆಂದೇ ಜನ ಹೋಗುತ್ತಾರೆ. ಮಳೆಗಾಲದಲ್ಲಿ ಕಡಲು ಕದಡಿರುವುದರಿಂದ ಈ ಯಾತ್ರೆ ನಿಲ್ಲುತ್ತದೆ. ಅಕ್ಟೋಬರಿನಿಂದ ಮೇ ತಿಂಗಳವರೆಗೆ ನಡೆಯುತ್ತದೆ.

ನೀರಿನೊಳಗೆ ಕುಳಿತವರ ಕಥೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಜಲಮಂತ್ರದ ಬಲದಿಂದ ವೈಶಂಪಾಯನ ಸರೋವರದ ತಳದಲ್ಲಿ ಅಡಗಿದ್ದನಷ್ಟೆ. ಅವನಿಗೆ ಗಾಳಿಯ ಚಿಂತೆಯಿರಲಿಲ್ಲ, ಚಿಂತೆಯೆಲ್ಲ ಭೀಮನದಾಗಿತ್ತು. ಮಂತ್ರವಿಲ್ಲದ ನಮಗೆ ಗಾಳಿಯನ್ನು ಹೊತ್ತುಕೊಂಡೇ ಹೋಗಬೇಕಾಗಿದೆ.

ಇಲ್ಲಿ ಬುದ್ಧಿವಂತ ಹುಡುಗನೊಬ್ಬ ಕೇಳಬಹುದು: ಹೊತ್ತುಕೊಂಡು ಹೋಗುವ ಕಷ್ಟವೇಕೆ, ಪಪ್ಪಾಯಿ ಎಲೆಯ ಪೊಳ್ಳು ದಂಟನ್ನೋ ಉದ್ದನೆಯ ಕೊಳವೆಯನ್ನೋ ಬಾಯಲ್ಲಿಟ್ಟು ಅದರ ತುದಿಯನ್ನು ನೀರಿನ ಮೇಲೆ ಬಿಟ್ಟರೆ ಸಾಲದೇ ಎಂದು. ಬಾವಿಯಲ್ಲಿ ಮಕ್ಕಳು ಹೀಗೆ ಆಡುವುದುಂಟು. ಒಂದು ಗೇಣು ಆಳದಲ್ಲಿ ಅದು ಸಾಗುತ್ತದೆ. ಒಂದು ಮೀಟರು ಆಳಕ್ಕೆ ಹೋದರೆ ಸಾಗದು. ನೀರಿಗೆ ಭಾರವುಂಟು. ಒಂದು ಮೀಟರು ಆಳದಲ್ಲಿ ಮನುಷ್ಯನ ಎದೆಯ ಮುಂಭಾಗದ ಮೇಲೆ ಬೀಳುವ ನೀರಿನ ಭಾರವನ್ನು ಲೆಕ್ಕ ಹಾಕಿದರೆ ಅದು ಸುಮಾರು ಒಂದು ಕ್ವಿಂಟಲ್ ಆಗುತ್ತದೆ. ಎದೆಯ ಮೇಲೆ ಒಂದು ಕ್ವಿಂಟಲ್ ಧಾನ್ಯ ಪೇರಿಸಿಕೊಂಡು ಮಲಗಿದವನು ಉಸಿರೆಳೆಯಬಲ್ಲನೇ? ಕೊಳವೆಯ ಗಾಳಿ ಮೇಲಿನ ಗಾಳಿ. ಅದಕ್ಕೆ ಆ ಭಾರವನ್ನು ಎತ್ತುವ ಬಲವಿಲ್ಲ. ಆದುದರಿಂದ ನೀರಿನಡಿ ಉಸಿರಾಡಬೇಕಾದರೆ, ಸುತ್ತಲಿನ ನೀರು ಎಷ್ಟು ಒತ್ತುತ್ತದೆಯೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ದೊರೆಯಬೇಕು. ಹೆಚ್ಚಾದರೆ ಶ್ವಾಸಕೋಶ ಹರಿದೀತು. ಕಡಿಮೆಯಾದರೆ ಉಸಿರು ಒಳಕ್ಕೆ ಬಾರದು.

ಈ ಕೆಲಸವನ್ನು ತಾನಾಗಿಯೇ ಮಾಡುವ ಒಂದು ಕವಾಟವನ್ನು 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸಿದ್ಧಗೊಳಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದೆ ಸೌದೆಯ ಅನಿಲದಿಂದ ಮೋಟಾರುಗಳನ್ನು ಓಡಿಸುತ್ತಿದ್ದ ದಿನಗಳವು. ಅಂಥ ಮೋಟಾರುಗಳಿಗಾಗಿ ಗಾನ್ಯಾನ್ ಮಾಡಿದ್ದ ಕವಾಟವೇ ಇದಕ್ಕೆ ಮೂಲ. ಅಭಾವದ ಕಾಲದ ಉಪಾಯವೊಂದು ಸಮುದ್ರದ ಬಾಗಿಲನ್ನು ತೆರೆಯಿತು. ಅದನ್ನು ಈಗ ರೆಗ್ಯುಲೇಟರು ಎನ್ನುತ್ತಾರೆ. ಸಿಲಿಂಡರು, ರೆಗ್ಯುಲೇಟರು ಎಲ್ಲವೂ ಸೇರಿದ ಸಾಧನಕ್ಕೆ ‘ಸ್ಕೂಬಾ’ ಎಂದು ಹೆಸರು. ನೀರಿನೊಳಗೆ ತನ್ನ ಗಾಳಿಯನ್ನು ತಾನೇ ಹೊತ್ತು ಉಸಿರಾಡುವ ಸಾಧನವೆಂದು ಅದರ ಅರ್ಥ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಬಾಯ್ಲನ ನಿಯಮವನ್ನು ಮೇಲಿನ ತರಗತಿಯವರು ಓದಿದ್ದೀರಿ. 1662ರಲ್ಲಿ ಪ್ರಕಟವಾದ ಆ ನಿಯಮವು ಪರೀಕ್ಷೆಯಲ್ಲಿ ಎರಡು ಅಂಕ ಗಳಿಸುವುದಕ್ಕಾಗಿ ಮಾತ್ರ ಹುಟ್ಟಿದ್ದಲ್ಲ. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ. ದಡದ ಮೇಲೆ ನಮ್ಮನ್ನು ಒತ್ತುವುದು ಒಂದು ವಾಯುಮಂಡಲದ ಒತ್ತಡ. ಸಮುದ್ರದಲ್ಲಿ ಪ್ರತಿ 10 ಮೀಟರು ಆಳಕ್ಕೂ ಅಂಥದೇ ಇನ್ನೊಂದು ಒತ್ತಡ ಸೇರುತ್ತ ಹೋಗುತ್ತದೆ: 10 ಮೀಟರಿನಲ್ಲಿ ಎರಡು, 20ರಲ್ಲಿ ಮೂರು, 30ರಲ್ಲಿ ನಾಲ್ಕು. ಸುತ್ತಲಿನ ಒತ್ತಡಕ್ಕೆ ಸಮನಾದ ಗಾಳಿಯನ್ನೇ ರೆಗ್ಯುಲೇಟರು ಕೊಡುತ್ತದೆಂದು ಹೇಳಿದೆನಷ್ಟೆ. ಹಾಗಾದರೆ 10 ಮೀಟರು ಆಳದ ಒಂದೊಂದು ಉಸಿರಿನಲ್ಲಿಯೂ ದಡದ ಎರಡು ಉಸಿರಿನ ಗಾಳಿ ಅಡಗಿದೆ. 20 ಮೀಟರಿನಲ್ಲಿ ಮೂರು ಉಸಿರಿನದು. ಸಿಲಿಂಡರು ಅದೇ, ಮನುಷ್ಯ ಅದೇ, ಉಸಿರಿನ ಸಂಖ್ಯೆಯೂ ಅದೇ. ಗಾಳಿ ಮಾತ್ರ ಮೂರರಷ್ಟು ವೇಗವಾಗಿ ಬರಿದಾಗುತ್ತದೆ. ‘ಒಂದು ಸಿಲಿಂಡರು ಎಷ್ಟು ಹೊತ್ತು’ ಎಂದು ಕೇಳಿದವನಿಗೆ ಮೊದಲು ‘ಎಷ್ಟು ಆಳದಲ್ಲಿ’ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಅಂಕಿಗಳನ್ನು ನೋಡೋಣ. ಬಾಡಿಗೆಗೆ ಹೆಚ್ಚಾಗಿ ಸಿಕ್ಕುವುದು ಅಲ್ಯೂಮಿನಿಯಂ ಸಿಲಿಂಡರು. ಅದಕ್ಕೆ ‘ಎಂಬತ್ತು’ ಎಂದು ಅಡ್ಡಹೆಸರು. 80 ಘನ ಅಡಿ ಗಾಳಿ ಹಿಡಿಯುವಂಥದ್ದು ಎಂದರ್ಥ, ನಿಜವಾಗಿ ಹಿಡಿಯುವುದು 77ಕ್ಕಿಂತ ಸ್ವಲ್ಪ ಹೆಚ್ಚು. ಅದರೊಳಗೆ ನೀರು ತುಂಬಿದರೆ 11 ಲೀಟರು ಹಿಡಿದೀತು. ಆ ಸಣ್ಣ ಜಾಗಕ್ಕೆ ಗಾಳಿಯನ್ನು 200 ಬಾರ್ ಒತ್ತಡದಲ್ಲಿ ಒತ್ತಿ ತುಂಬುತ್ತಾರೆ. ಒಂದು ಬಾರ್ ಎಂದರೆ ಸುಮಾರಾಗಿ ಒಂದು ವಾಯುಮಂಡಲದ ಒತ್ತಡವೇ. ಕಾರಿನ ಚಕ್ರದಲ್ಲಿ ಚದರ ಅಂಗುಲಕ್ಕೆ 30-35 ಪೌಂಡು ಗಾಳಿಯಿದ್ದರೆ, ಇದರಲ್ಲಿ 3,000 ಪೌಂಡಿನ ಹತ್ತಿರ. 11ನ್ನು 200ರಿಂದ ಗುಣಿಸಿದರೆ 2,200 ಲೀಟರು ಗಾಳಿ. ಗಾಳಿಗೆ ತೂಕವಿಲ್ಲವೆಂದು ತಿಳಿದ ಚಿಕ್ಕ ಮಕ್ಕಳಿಗೆ ಒಂದು ಮಾತು: ಇಷ್ಟು ಗಾಳಿಯೇ ಎರಡೂವರೆ ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಅಲ್ಯೂಮಿನಿಯಂ ಸಿಲಿಂಡರು ತುಂಬಿದಾಗ ನೀರಿನಲ್ಲಿ ಮುಳುಗಿ, ಬರಿದಾಗುತ್ತ ಬಂದಂತೆ ತೇಲತೊಡಗುವುದು ಇದರಿಂದಲೇ. ಈ ತೇಲುವಿಕೆಯನ್ನು ಮೊದಲೇ ಎಣಿಸಿ ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿರುತ್ತಾರೆ.

ಜನರು ಇದನ್ನು ‘ಆಕ್ಸಿಜನ್ ಸಿಲಿಂಡರು’ ಎಂದು ಕರೆಯುವುದು ತಪ್ಪು. ಒಳಗಿರುವುದು ನಾವು ನೀವು ಉಸಿರಾಡುವ ಸಾಮಾನ್ಯ ಗಾಳಿ. ಶುದ್ಧಮಾಡಿ, ತೇವ ತೆಗೆದು ತುಂಬಿದ್ದು. ಬರಿಯ ಆಮ್ಲಜನಕವನ್ನು ತುಂಬಿಕೊಂಡು ಹೋದರೆ ಆರೇಳು ಮೀಟರು ಆಳ ದಾಟುತ್ತಲೇ ಅದು ವಿಷದಂತಾಗಿ ಸೆಳವು ತರಿಸಬಲ್ಲದು.

ದಡದ ಮೇಲೆ ಸುಮ್ಮನೆ ಕುಳಿತವನು ನಿಮಿಷಕ್ಕೆ ಆರರಿಂದ ಎಂಟು ಲೀಟರು ಗಾಳಿಯನ್ನು ಒಳಗೆಳೆಯುತ್ತಾನೆ. ನೀರಿನಲ್ಲಿ ಕಾಲು ಬಡಿಯುತ್ತ ಈಜುವವನಿಗೆ, ಅಭ್ಯಾಸವಿದ್ದವನಾದರೆ 15ರಿಂದ 20 ಲೀಟರು ಬೇಕು. ಗಾಬರಿಯ ಹೊಸಬನಾದರೆ 25 ಅಥವಾ ಇನ್ನೂ ಹೆಚ್ಚು. ನಡುವಿನ 20ನ್ನು ಹಿಡಿಯೋಣ. 2,200 ಲೀಟರಿನಲ್ಲಿ ಕೊನೆಯ 50 ಬಾರನ್ನು, ಎಂದರೆ 550 ಲೀಟರನ್ನು, ಮುಟ್ಟಬಾರದ ಗಂಟು ಎಂದು ತೆಗೆದಿಟ್ಟರೆ ಉಳಿಯುವುದು 1,650. ನೀರಿನ ಮೇಲ್ಮೈಯಲ್ಲಿ ಅದು 82 ನಿಮಿಷ ಬರುತ್ತದೆ. 10 ಮೀಟರಿನಲ್ಲಿ 41 ನಿಮಿಷ, 20ರಲ್ಲಿ 27, 30ರಲ್ಲಿ 20 ನಿಮಿಷವೇ. ಮೂವತ್ತು ಮೀಟರು ನಮ್ಮ ಮಕ್ಕಳ ಮಾತಲ್ಲ, ಲೆಕ್ಕಕ್ಕಾಗಿ ಹೇಳಿದೆ. ಗುರುವಿನ ಕೈಹಿಡಿದು ಮೊದಲ ಬಾರಿ ಇಳಿಯುವವರಿಗೆ 12 ಮೀಟರು, ಮೊದಲ ತರಬೇತಿ ಮುಗಿಸಿದವರಿಗೆ 18 ಮೀಟರು ಎಂಬುದು ರೂಢಿಯ ಮಿತಿ.

ಇನ್ನು ಎರಡನೆಯ ಪ್ರಶ್ನೆ, ದೊಡ್ಡ ಸಿಲಿಂಡರಿನದು. 15 ಲೀಟರಿನ ಉಕ್ಕಿನ ಸಿಲಿಂಡರುಗಳೂ ಉಂಟು. ಅದೇ 200 ಬಾರಿಗೆ ತುಂಬಿ, 50 ಬಾರ್ ಬದಿಗಿಟ್ಟರೆ 2,250 ಲೀಟರು ಕೈಗೆ ಬರುತ್ತದೆ. 20 ಮೀಟರು ಆಳದಲ್ಲಿ, ನಿಮಿಷಕ್ಕೆ 20 ಲೀಟರಿನವನಿಗೆ, 37 ನಿಮಿಷ. ಹತ್ತು ನಿಮಿಷದ ಲಾಭ. ಸರಿಯೇ. ಆದರೆ ಅದೇ ಆಳದಲ್ಲಿ ಹಳೆಯ 11 ಲೀಟರಿನ ಸಿಲಿಂಡರನ್ನೇ ಹೊತ್ತು, ನಿಧಾನವಾಗಿ ಉಸಿರಾಡಿ, ನಿಮಿಷಕ್ಕೆ 15 ಲೀಟರಿನಲ್ಲಿ ತೃಪ್ತನಾಗುವವನನ್ನು ನೋಡಿರಿ: ಅವನಿಗೂ 36 ನಿಮಿಷ ದೊರೆಯುತ್ತದೆ. ಗಾಬರಿಯಿಂದ 25 ಲೀಟರು ಎಳೆಯುವವನು ದೊಡ್ಡ ಸಿಲಿಂಡರು ಹೊತ್ತರೂ 30ಕ್ಕೆ ನಿಲ್ಲುತ್ತಾನೆ. ಮೇಲಾಗಿ ದೊಡ್ಡದು ಭಾರ; ಅದನ್ನು ಎಳೆದಾಡುವ ಶ್ರಮಕ್ಕೂ ಗಾಳಿಯೇ ಬೇಕು. ಆರಡಿಯ ದಷ್ಟಪುಷ್ಟ ಆಳಿಗೆ 15 ಲೀಟರಿನದು ನ್ಯಾಯವಾದೀತು. ಸಣ್ಣ ಮೈಕಟ್ಟಿನ ಹೆಣ್ಣುಮಗಳಿಗೆ 63 ಘನ ಅಡಿಯ, ಸುಮಾರು 9 ಲೀಟರಿನ ಸಿಲಿಂಡರು ಸಾಕಾಗುವುದುಂಟು. ಯಾವನೋ ಸ್ನೇಹಿತ ದೊಡ್ಡದನ್ನು ತೆಗೆದುಕೊಂಡನೆಂದು ತಾನೂ ದೊಡ್ಡದನ್ನೇ ಕೇಳುವುದು, ಅಣ್ಣನ ಚಪ್ಪಲಿ ಮೆಟ್ಟಿ ಜಾತ್ರೆಗೆ ಹೋದಂತಾಗುತ್ತದೆ.

ಹಾಗಾದರೆ ಉಸಿರನ್ನು ಬಿಗಿಹಿಡಿದು ಉಳಿತಾಯ ಮಾಡಬಹುದೇ? ಕೂಡದು. ಇದನ್ನು ನಮ್ಮ ಬಾವಿ ಮತ್ತು ಕಾಲುವೆಗಳಲ್ಲಿ ಈಜುವ ಹುಡುಗರು ವಿಶೇಷವಾಗಿ ಕೇಳಬೇಕು. ಉಸಿರು ಕಟ್ಟಿದಾಗ ಎದೆಯಲ್ಲಿ ಏಳುವ ತಳಮಳ ಆಮ್ಲಜನಕ ಕಡಿಮೆಯಾದುದರಿಂದ ಮುಖ್ಯವಾಗಿ ಬರುವುದಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಾದುದರಿಂದ ಬರುವುದು. ಮುಳುಗುವ ಪಂದ್ಯ ಕಟ್ಟುವ ಹುಡುಗರು ಮೊದಲು ಹತ್ತಿಪ್ಪತ್ತು ಬಾರಿ ಜೋರಾಗಿ ಉಸಿರಾಡಿ ಆಮೇಲೆ ಮುಳುಗುತ್ತಾರೆ. ಇದರಿಂದ ಆಮ್ಲಜನಕವೇನೂ ಹೆಚ್ಚಾಗಿ ಸೇರುವುದಿಲ್ಲ. ಡೈಆಕ್ಸೈಡು ಮಾತ್ರ ತೊಳೆದುಹೋಗುತ್ತದೆ. ಆಗ ಎಚ್ಚರಿಸುವ ತಳಮಳವೇ ಏಳುವುದಿಲ್ಲ. ಹುಡುಗ ತಾನು ಸುಖವಾಗಿರುವೆನೆಂದೇ ತಿಳಿದಿರುವಾಗ, ಆಮ್ಲಜನಕ ಮುಗಿದು, ಯಾವ ಸೂಚನೆಯೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಮುಳುಗಿಹೋಗುವುದು. ಪೋಷಕರು ಈ ಪಂದ್ಯವನ್ನು ನಿಲ್ಲಿಸಬೇಕೆಂದು ನಾನು ಈ ವೇದಿಕೆಯಿಂದ ಕೈಮುಗಿದು ಕೇಳುತ್ತೇನೆ.

ಸಿಲಿಂಡರಿನವನಿಗೆ ಉಸಿರು ಕಟ್ಟುವುದು ಇನ್ನೊಂದು ವಿಧದಲ್ಲಿ ಅಪಾಯ. 10 ಮೀಟರಿನಲ್ಲಿ ಎದೆ ತುಂಬ ಗಾಳಿ ಎಳೆದು ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ, ಬಾಯ್ಲನ ನಿಯಮದಂತೆ ಆ ಗಾಳಿ ಎರಡರಷ್ಟು ಹಿಗ್ಗಲೇಬೇಕು. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ಶಕ್ತಿಯಿಲ್ಲ. ಎಂದೂ ಉಸಿರು ಕಟ್ಟಬಾರದೆಂಬುದು ಈ ವಿದ್ಯೆಯ ಮೊದಲ ಪಾಠ. ಉಳಿತಾಯವೆಂದರೆ ಆಳವಾಗಿ, ನಿಧಾನವಾಗಿ, ಎಡೆಬಿಡದೆ ಉಸಿರಾಡುವುದು. ಕೈಗಳನ್ನು ಬೀಸದೆ ಕಾಲುಗಳನ್ನು ಮಾತ್ರ ಮೆಲ್ಲನೆ ಆಡಿಸುವುದು. ಸೀಸವನ್ನು ಅಳತೆಗೆ ತಕ್ಕಂತೆ ಕಟ್ಟಿಸಿಕೊಂಡು ಮೀನಿನಂತೆ ಅಡ್ಡಲಾಗಿ ತೇಲುವುದು. ಹೀಗೆ ತೇಲುವವನ ಕಾಲು ಹವಳಕ್ಕೂ ತಗಲುವುದಿಲ್ಲ. ಹವಳ ಬೆಳೆಯುವುದು ಬಹಳ ನಿಧಾನ. ಒಂದು ಒದೆತಕ್ಕೆ ಮುರಿದದ್ದು ಮರಳಿ ಬೆಳೆಯಲು ವರ್ಷಗಳೇ ಬೇಕು.

ಈಗ ಒತ್ತಡಮಾಪಕದ ಮಾತು. ಅಡಿಗೆಮನೆಯ ಅನಿಲದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ತಾಯಂದಿರಿಗೆ ತಿಳಿಯದು. ಎತ್ತಿ ಅಲ್ಲಾಡಿಸಿ ಊಹಿಸುತ್ತಾರೆ. ಕಾರಣವೇನೆಂದರೆ, ಅದರೊಳಗಿನ ಅನಿಲ ದ್ರವರೂಪದಲ್ಲಿದೆ. ದ್ರವ ಇರುವವರೆಗೂ ಅದರ ಒತ್ತಡ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ದ್ರವ ಮುಗಿದೊಡನೆ ಒಲೆ ಸಣ್ಣಗಾಗುತ್ತದೆ. ಮುಳುಗುಗಾರನ ಸಿಲಿಂಡರಿನಲ್ಲಿ ಗಾಳಿ ಗಾಳಿಯಾಗಿಯೇ ಇದೆ. ಒತ್ತಡ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಯಿತೆಂದೇ ಅರ್ಥ. ಆದುದರಿಂದ ಮುಳ್ಳು ಸತ್ಯವನ್ನೇ ಹೇಳುತ್ತದೆ. ನೋಡುವ ಕಣ್ಣು ಮಾತ್ರ ಬೇಕು. ಹವಳದ ಬಣ್ಣಗಳಿಗೆ ಮರುಳಾಗಿ ಮಾಪಕ ನೋಡುವುದನ್ನು ಮರೆತವರೇ ಗಾಳಿ ಮುಗಿಸಿಕೊಳ್ಳುವವರಲ್ಲಿ ಅನೇಕರು. ಐದು ನಿಮಿಷಕ್ಕೊಮ್ಮೆ ನೋಡುವುದು ಒಳ್ಳೆಯ ಅಭ್ಯಾಸ. ಆಳ ಹೆಚ್ಚಿದ್ದರೆ ಇನ್ನೂ ಬೇಗ.

ಒಂದು ಸೂಕ್ಷ್ಮವನ್ನು ಗಮನಿಸಿರಿ. ಮಾಪಕ ತೋರಿಸುವುದು ಒತ್ತಡವನ್ನು, ಲೀಟರನ್ನಲ್ಲ. 9 ಲೀಟರಿನ ಸಿಲಿಂಡರಿನಲ್ಲಿ 50 ಬಾರ್ ಎಂದರೆ 450 ಲೀಟರು. 15 ಲೀಟರಿನದರಲ್ಲಿ 750. ಇಬ್ಬರ ಮುಳ್ಳೂ ಒಂದೇ ಕಡೆ ನಿಂತಿದ್ದರೂ ಇಬ್ಬರ ಬಂಡವಾಳ ಒಂದೇ ಅಲ್ಲ.

ಹಿಂದಿನವರು ತಿರುಪತಿಗೆ ಹೊರಡುವಾಗ ಹಿಂದಿರುಗುವ ಖರ್ಚನ್ನು ಬೇರೆ ಗಂಟಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಹುಂಡಿಯ ಮುಂದೆ ಎಷ್ಟೇ ಭಕ್ತಿ ಉಕ್ಕಿದರೂ ಆ ಗಂಟಿಗೆ ಕೈ ಹಾಕುತ್ತಿರಲಿಲ್ಲ. ಮುಳುಗುಗಾರರ ಕಟ್ಟಳೆಯೂ ಇಂಥದೇ. ಅಮೆರಿಕದ ಫ್ಲಾರಿಡಾದಲ್ಲಿ ನೀರು ತುಂಬಿದ ಗವಿಗಳನ್ನು ಹೊಗುವವರಲ್ಲಿ ಬಹಳ ಮಂದಿ ಸಾಯುತ್ತಿದ್ದರು. ಶೆಕ್ ಎಕ್ಸ್‌ಲಿ ಎಂಬ ಮುಳುಗುಗಾರ ಆ ಅಪಘಾತಗಳನ್ನು ಒಂದೊಂದಾಗಿ ವಿಚಾರಿಸಿ 1979ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಗಾಳಿಯಲ್ಲಿ ಮೂರನೆಯ ಒಂದು ಭಾಗ ಹೋಗುವುದಕ್ಕೆ, ಇನ್ನೊಂದು ಭಾಗ ಬರುವುದಕ್ಕೆ, ಉಳಿದ ಒಂದು ಭಾಗ ಯಾವುದಕ್ಕೂ ಅಲ್ಲ ಎಂಬ ನಿಯಮ ಅವನಂಥವರ ಮೂಲಕ ಬಳಕೆಗೆ ಬಂದಿತು. ‘ಯಾವುದಕ್ಕೂ ಅಲ್ಲ’ವೆಂದರೆ ಆಪತ್ತಿಗೆ ಎಂದು ಅರ್ಥ.

ನೇತ್ರಾಣಿಯಲ್ಲಿ ಗವಿಯ ಚಾವಣಿಯಿಲ್ಲ. ನೇರವಾಗಿ ಮೇಲಕ್ಕೆ ಬರಬಹುದು. ಆದುದರಿಂದ 50 ಬಾರ್ ಉಳಿಸಿ ಮೇಲೆ ಬಂದರೆ ಸಾಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಮಾತನ್ನು ಸ್ವಲ್ಪ ತೂಗಿ ನೋಡಬೇಕು. ನೀರಿನೊಳಗೆ ಯಾರೂ ಒಬ್ಬಂಟಿಯಾಗಿ ಹೋಗುವುದಿಲ್ಲ, ಜೋಡಿಯಾಗಿ ಹೋಗುತ್ತಾರೆ. ಪ್ರತಿಯೊಬ್ಬನ ಸಿಲಿಂಡರಿಗೂ ಎರಡು ಬಾಯಿಕೊಳವೆಗಳಿರುತ್ತವೆ: ಒಂದು ತನಗೆ, ಇನ್ನೊಂದು, ಸಾಮಾನ್ಯವಾಗಿ ಹಳದಿ ಬಣ್ಣದ್ದು, ಜೊತೆಗಾರನಿಗೆ. ಜೊತೆಗಾರನ ಗಾಳಿ 20 ಮೀಟರು ಆಳದಲ್ಲಿ ಹಠಾತ್ತನೆ ನಿಂತಿತೆನ್ನಿ. ಈಗ ಒಂದು ಸಿಲಿಂಡರಿನಿಂದ ಇಬ್ಬರು ಉಸಿರಾಡಬೇಕು, ಇಬ್ಬರೂ ಗಾಬರಿಯಲ್ಲಿದ್ದಾರೆ. ಒಬ್ಬೊಬ್ಬರಿಗೆ ನಿಮಿಷಕ್ಕೆ 30 ಲೀಟರು ಹಿಡಿಯಿರಿ. ಕೊಳವೆ ಕೊಟ್ಟು ಸಮಾಧಾನವಾಗಲು ಒಂದು ನಿಮಿಷ: ಮೂರರಷ್ಟು ಒತ್ತಡದಲ್ಲಿ 180 ಲೀಟರು. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದಾದುದರಿಂದ, 5 ಮೀಟರಿನವರೆಗೆ ಬರಲು ಸುಮಾರು ಎರಡು ನಿಮಿಷ: 270. ಅಲ್ಲಿ ಮೂರು ನಿಮಿಷ ನಿಲ್ಲಬೇಕು: ಮತ್ತೆ 270. ಕೊನೆಯ ಏರಿಕೆಗೆ 75. ಒಟ್ಟು ಹತ್ತಿರ ಹತ್ತಿರ 800 ಲೀಟರು. 11 ಲೀಟರಿನ ಸಿಲಿಂಡರಿನಲ್ಲಿ ಅದು 72-73 ಬಾರ್ ಆಗುತ್ತದೆ, 50 ಅಲ್ಲ. ಆಪತ್ತು ವಿಪರೀತವಾದರೆ 5 ಮೀಟರಿನ ನಿಲುಗಡೆಯನ್ನು ಬಿಟ್ಟು ಮೇಲೆ ಬರಬಹುದೆಂಬುದು ನಿಜ. ಆದರೆ ಹಾಗೆ ಬಿಡಬೇಕಾದ ಸ್ಥಿತಿಯನ್ನು ಮೊದಲೇ ಯೋಜನೆಯಲ್ಲಿ ಸೇರಿಸಿಕೊಳ್ಳುವುದು ನನಗೆ ಸರಿಕಾಣದು. 50 ಬಾರ್ ಎಂಬುದು ದೋಣಿ ಹತ್ತುವಾಗ ಮಾಪಕದಲ್ಲಿ ಇರಬೇಕಾದ ಅಂಕಿ. ತಳದಲ್ಲಿ ನಿಂತು ‘ಇನ್ನು ಹೊರಡೋಣ’ ಎನ್ನಬೇಕಾದ ಅಂಕಿ ಅದಕ್ಕಿಂತ ಮೇಲಿನದು. ಎಷ್ಟು ಮೇಲಿನದೆಂಬುದನ್ನು ಆಳ ನೋಡಿ, ಸಿಲಿಂಡರು ನೋಡಿ, ದೋಣಿಯಲ್ಲಿ ಕುಳಿತಿರುವಾಗಲೇ ಇಬ್ಬರೂ ಗೊತ್ತುಮಾಡಿಕೊಳ್ಳಬೇಕು. ನೀರಿನೊಳಗೆ ಚರ್ಚೆ ನಡೆಸಲು ಬಾಯಿ ಬಿಡುವಿಲ್ಲ.

ಅಲ್ಲಿ ಮಾತೆಲ್ಲ ಕೈಸನ್ನೆಯಲ್ಲಿ. ಹೆಬ್ಬೆರಳನ್ನು ಮೇಲೆತ್ತಿ ತೋರಿಸಿದರೆ ನಮ್ಮಲ್ಲಿ ‘ಭಲೇ’ ಎಂದರ್ಥವಷ್ಟೆ. ಅಲ್ಲಿ ‘ಮೇಲಕ್ಕೆ ಹೋಗೋಣ’ ಎಂದರ್ಥ. ಚೆನ್ನಾಗಿದ್ದೇನೆಂದು ಹೇಳಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಸಂತೋಷದಲ್ಲಿ ಹೆಬ್ಬೆರಳು ಎತ್ತಿದ ಹೊಸಬನನ್ನು ಗುರು ಒಡನೆಯೇ ಮೇಲಕ್ಕೆ ಕರೆದೊಯ್ದರೆ ಅದು ಗುರುವಿನ ತಪ್ಪಲ್ಲ. ಇಬ್ಬರಲ್ಲಿ ಯಾರ ಗಾಳಿ ಮೊದಲು ಗೊತ್ತುಮಾಡಿದ ಅಂಕಿಗೆ ಇಳಿಯುವುದೋ ಅವರು ಸನ್ನೆ ಮಾಡಬೇಕು. ಮತ್ತೊಬ್ಬರು ತಮ್ಮಲ್ಲಿ ಎಷ್ಟೇ ಉಳಿದಿದ್ದರೂ ಎದುರು ಹೇಳದೆ ತಿರುಗಬೇಕು. ‘ನನ್ನ ಗಾಳಿ ಬೇಗ ಮುಗಿಯಿತೆಂದರೆ ನಕ್ಕಾರು’ ಎಂಬ ನಾಚಿಕೆಯಿಂದ ಸನ್ನೆ ತಡಮಾಡುವವರುಂಟು. ನಮ್ಮ ತರಗತಿಗಳಲ್ಲಿಯೂ ತಿಳಿಯದುದನ್ನು ‘ತಿಳಿಯಲಿಲ್ಲ’ ಎನ್ನಲು ನಾಚುವವರು ಉಂಟಲ್ಲ, ಅದೇ ಜಾತಿಯ ನಾಚಿಕೆ.

ನಿಧಾನವಾಗಿ ಏರಬೇಕೆಂದೆನಲ್ಲ, ಅದಕ್ಕೆ ಕಾರಣ ಗೋಲಿಸೋಡ ಕುಡಿದವರಿಗೆಲ್ಲ ಗೊತ್ತು. ಗೋಲಿ ಒತ್ತಿದೊಡನೆ ಗುಳ್ಳೆಗಳು ಉಕ್ಕುತ್ತವೆ. ಒತ್ತಡದಲ್ಲಿ ಕರಗಿದ್ದ ಅನಿಲ ಒತ್ತಡ ತಪ್ಪಿದಾಗ ಹೊರಬರುತ್ತದೆ. ಆಳದಲ್ಲಿ ಗಾಳಿಯ ಸಾರಜನಕ ರಕ್ತದಲ್ಲಿ ಹೀಗೆಯೇ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ ಮೈಯೊಳಗೇ ಗುಳ್ಳೆಯಾಗಿ ಕೀಲುಗಳನ್ನೂ ನರಗಳನ್ನೂ ಪೀಡಿಸುತ್ತದೆ. ಬ್ರಿಟನ್ನಿನ ಹಾಲ್ಡೇನ್ ಮತ್ತು ಅವನ ಸಂಗಡಿಗರು 1908ರಲ್ಲಿ ಇದಕ್ಕೆ ಕೋಷ್ಟಕಗಳನ್ನು ಕಟ್ಟಿಕೊಟ್ಟರು. ಇದೇ ಕಾರಣದಿಂದ, ಹಲವು ಬಾರಿ ಆಳಕ್ಕೆ ಇಳಿದವರು ಅಂದೇ ವಿಮಾನ ಹತ್ತಬಾರದು. ಘಟ್ಟ ಏರಿ ಬೆಂಗಳೂರಿಗೆ ಹೊರಡುವವರೂ ಒಂದು ರಾತ್ರಿ ತೀರದಲ್ಲೇ ತಂಗಿ ಬರುವುದು ಕ್ಷೇಮ.

ಪೋಷಕರಿಗೆ ಎರಡು ಮಾತು. ಮೊದಲ ಸಲ ಇಳಿಯುವ ಮಗುವಿನ ಗಾಳಿಯನ್ನು ಗುರುವೇ ನೋಡಿಕೊಳ್ಳುತ್ತಾನೆ, ಅದು ಸರಿ. ಆದರೂ ಇಳಿಯುವ ಮೊದಲು ಮಾಪಕವನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಗುರುವಿಗೆ ಪ್ರಮಾಣಪತ್ರವಿದೆಯೇ, ಒಬ್ಬ ಗುರುವಿನ ಕೈಗೆ ಎಷ್ಟು ಮಂದಿಯನ್ನು ಒಪ್ಪಿಸುತ್ತಾರೆ, ದೋಣಿಯಲ್ಲಿ ತುರ್ತು ಆಮ್ಲಜನಕ ಉಂಟೇ, ಗಾಳಿ ತುಂಬುವ ಯಂತ್ರ ಹೊಗೆಯಿಂದ ದೂರವಿದೆಯೇ ಎಂದು ವಿಚಾರಿಸಿರಿ. ತುಂಬುವಾಗ ಎಂಜಿನ್ನಿನ ಹೊಗೆ ಸೇರಿದ ಗಾಳಿ ಆಳದಲ್ಲಿ ಕೊಲ್ಲಬಲ್ಲದು. ವಾಸನೆ ಕೆಟ್ಟಿದ್ದರೆ ಆ ಸಿಲಿಂಡರನ್ನು ಹಿಂದಿರುಗಿಸಬೇಕು. ವಾಸನೆಯಿಲ್ಲದ ವಿಷವೂ ಇರುವುದರಿಂದಲೇ ಯಂತ್ರದ ವಿಚಾರವನ್ನು ಕೇಳಿರೆಂದು ಹೇಳಿದ್ದು. ಹತ್ತು ವರ್ಷ ತುಂಬದ ಮಕ್ಕಳನ್ನು ಕಡಲಿಗೆ ಇಳಿಸುವುದು ದೊಡ್ಡ ತರಬೇತಿ ಸಂಸ್ಥೆಗಳ ನಿಯಮಕ್ಕೆ ವಿರುದ್ಧ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ನೆಗಡಿಯಾಗಿದ್ದರೆ ಆ ದಿನ ಬೇಡ, ಕಿವಿ ಕೆಟ್ಟೀತು. ಆರೋಗ್ಯದ ಹಾಳೆಯಲ್ಲಿ ನಿಜವನ್ನೇ ಬರೆಯಿರಿ. ಕೊಟ್ಟ ಹಣ ವ್ಯರ್ಥವಾಗುವುದೆಂದು ರೋಗವನ್ನು ಮರೆಮಾಚುವ ತಂದೆತಾಯಿಯರ ಮೇಲೆ ನನಗೆ ಕೋಪವಿದೆ.

ಇಷ್ಟನ್ನು ಕೇಳಿದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಡದೆ ಹೋದರೆ ನಾನು ಉಪಾಧ್ಯಾಯನೆನಿಸಲಾರೆ. ಅಕ್ಕ ಮತ್ತು ತಮ್ಮ ಜೋಡಿಯಾಗಿ 15 ಮೀಟರು ಆಳದಲ್ಲಿ ಈಜುತ್ತಿದ್ದಾರೆ. ಅಕ್ಕನ ಸಿಲಿಂಡರು 10 ಲೀಟರಿನದು. ನೀರಿನ ಮೇಲ್ಮೈಯ ಲೆಕ್ಕದಲ್ಲಿ ಅವಳ ಉಸಿರು ನಿಮಿಷಕ್ಕೆ 16 ಲೀಟರು. ತಮ್ಮನ ಸಿಲಿಂಡರು 12 ಲೀಟರಿನದು. ಅವನ ಉಸಿರು 24 ಲೀಟರು. ಇಬ್ಬರೂ 200 ಬಾರಿನಿಂದ ಹೊರಟು, 60 ಬಾರಿಗೆ ಇಳಿದೊಡನೆ ಮೇಲೆ ಬರಬೇಕೆಂದು ದೋಣಿಯಲ್ಲಿಯೇ ಗೊತ್ತುಮಾಡಿಕೊಂಡಿದ್ದಾರೆ. ಯಾರು ಮೊದಲು ಹೆಬ್ಬೆರಳು ಎತ್ತಬೇಕಾಗುತ್ತದೆ? ಎಷ್ಟನೆಯ ನಿಮಿಷದಲ್ಲಿ? ಆ ಕ್ಷಣದಲ್ಲಿ ಇನ್ನೊಬ್ಬರ ಮಾಪಕದ ಮುಳ್ಳು ಎಷ್ಟನ್ನು ತೋರಿಸುತ್ತಿರುತ್ತದೆ? ಇಳಿಯಲು ಹಿಡಿದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಎಂಟನೆಯ ತರಗತಿಗಿಂತ ಮೇಲಿನವರು ಉತ್ತರವನ್ನು ಬರೆದು ಸೋಮವಾರ ಬೆಳಗ್ಗೆ ವಿಜ್ಞಾನದ ಉಪಾಧ್ಯಾಯರಿಗೆ ಒಪ್ಪಿಸತಕ್ಕದ್ದು.